ಸೊನ್ನೆಯ ಕೆಳಗೆ

ಮುನಿರಾಬಾದಿನ ಅಣೆಕಟ್ಟೆಯ ಕೆಳಗೆ
ಬಂಡೆಗೆ ಬಡಿದ ಅಳತೆಗೋಲು ನನ್ನ ಪಾಲಿಗೆ.
ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ
ನೋಡುವುದು, ಬರೆಯುವುದು.
ಕರಿ ಗೆರೆ, ಬಿಳಿ ಗೆರೆ, ತಳದಲ್ಲಿ ಕೆಂಪು ಸೊನ್ನೆ.

ಮಾಘ ಕಳೆಯಿತೆಂದರೆ
ನೀರು ಕೋಲಿನ ಕಾಲು ಬಿಟ್ಟು ಇಳಿಯುತ್ತದೆ.
ಆಮೇಲೆ ನೂರು ದಿನ
ಕೈ ಬರೆಯುವುದು ಒಂದೇ ಅಂಕಿ.

ರಿಜಿಸ್ಟರಿನಲ್ಲಿ ಎಲ್ಲರಿಗೂ ಮನೆಯಿದೆ:
ಎಡದಂಡೆ, ಬಲದಂಡೆ, ಮೇಲ್ಮಟ್ಟದ ಕಾಲುವೆ,
ಕುಡಿಯುವ ಊರುಗಳಿಗೆ, ಉಕ್ಕು ಕಾಯಿಸುವವರಿಗೆ.
ಆವಿ ಎಂದೂ ಒಂದು ಮನೆ.
ಬಿಸಿಲು ಅರ್ಜಿ ಹಾಕಿರಲಿಲ್ಲ,
ಸಭೆಗೆ ಬಂದು ಮೈಕು ಕಿತ್ತುಕೊಂಡಿರಲಿಲ್ಲ,
ಆದರೂ ಸೂರ್ಯ ಕುಡಿದದ್ದನ್ನು ಬರೆದಿಡುತ್ತೇವೆ,
ಟಿಎಂಸಿಯಲ್ಲಿ, ಗೌರವದಿಂದ.
ಹೊಳೆಗೆ ಎಂದು ಹುಡುಕಿದೆ. ಇರಲಿಲ್ಲ.
ಕೊನೆಯ ಮನೆ ಷರಾ. ಅದು ಯಾವಾಗಲೂ ಖಾಲಿ.

ನೀರು ಹಂಚುವ ಸಭೆಯಲ್ಲಿ
ಚಹಾ ಕೊಡುವವರ ಹಿಂದೆ
ರಿಜಿಸ್ಟರು ಎದೆಗವಚಿ ನಿಂತಿದ್ದೆ.
ಯಾರೂ ಸುಳ್ಳು ಹೇಳಲಿಲ್ಲ.
ಸಿರವಾರದ ಕಡೆಯವರು ಎದ್ದರು:
"ಮ್ಯಾಲಿನವ್ರು ಎರಡು ಬೆಳಿ ಉಂಡ್ರು,
ನಮ್ಮ ಕಾಲುವ್ಯಾಗ ಆಡು ಮಲಗ್ಯಾವ."
ಅದೇ ಕಾಲುವೆಯ ತುದಿಗೆ ತಂಗಿ ಶಾಣಮ್ಮನ ಮೂರೆಕರೆ.
ರಾತ್ರಿ ಫೋನು: "ಅಣ್ಣಾ, ಇನ್ನೊಂದು ಹದಿನೈದ್ ದಿನ ಬಿಡಸು.
ಹೊಳಿ ಮಗ್ಗಲಾಗ ಇರಾಂವ ನೀನು."
ಮಗ್ಗಲಲ್ಲಿ ಇರುವುದು ನಿಜ.
ಗೇಟಿನ ಚಕ್ರ ನನ್ನ ಕೈಗೆ ಎಟುಕುವುದಿಲ್ಲ.

ಸೊನ್ನೆಯ ಕೆಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ.
ನಾನು ಇಳಿದು ನೋಡಿದ್ದೇನೆ.
ಬಂಡೆಗಳ ಸಂದಿಯಲ್ಲಿ ಒಂದು ಮಡು,
ಎರಡು ಬಂಡಿ ನಿಲ್ಲಿಸುವಷ್ಟು ಅಗಲ.
ಸಂತೆ ದಿನದ ಬಸ್ಸಿನಲ್ಲಿ ನಿಂತ ಹಾಗೆ
ಹೊಳೆಯ ಮೀನೆಲ್ಲ ಅದರಲ್ಲಿ.
ದಡದ ಮರಳಲ್ಲಿ ಐದು ಬೆರಳಿನ ಹೆಜ್ಜೆ,
ನಡುವೆ ಬಾಲ ಎಳೆದ ಗೀರು,
ಮೀನ ಹುರುಪೆ ಮಿನುಗುವ ಹಿಕ್ಕೆ.
ಅಂಬಿಗರ ಗ್ಯಾನಮ್ಮ ಹೆಗಲ ಬಲೆ ಸರಿಸಿ ನಕ್ಕಳು:
"ಮರಿ ಹಾಕೈತಿ ನೀರ್ನಾಯಿ. ಎರಡು.
ಬಲಿ ಹರದು ಹಾಕತೈತಿ, ಬಯ್ಯಂಗೂ ಇಲ್ಲ.
ಅದಿರೋ ಮಡು ಬತ್ತಂಗಿಲ್ಲ ಅಂತಿದ್ಲು ನಮ್ಮವ್ವ."

ಬತ್ತದ ಕಾರಣ ನನಗೆ ಗೊತ್ತಿತ್ತು.
ಹಳೆಯ ಗೇಟೊಂದರ ರಬ್ಬರು ಹರಿದಿದೆ.
ಹಗಲೂ ರಾತ್ರಿ ಹೆಬ್ಬೆರಳು ದಪ್ಪದ ನೀರು
ಗೋಡೆ ನೆಕ್ಕುತ್ತ, ಪಾಚಿ ಸಾಕುತ್ತ,
ಬಂಡೆಯಿಂದ ಬಂಡೆಗೆ,
ಯಾವ ನಡಾವಳಿಯಲ್ಲೂ ಇಲ್ಲದ ದಾರಿ ಹಿಡಿದು
ಮಡುವಿಗೆ ಇಳಿಯುತ್ತದೆ.
ಮೂರು ರಾಜ್ಯ ಹಂಚಿಕೊಂಡ ಮೇಲೆ
ಹೊಳೆಗೆ ಉಳಿದ ಪಾಲು
ಒಂದು ಹರಿದ ರಬ್ಬರು.

ನಿನ್ನೆ ಜೆಇ ತಸ್ಲೀಮಾ ಮೇಡಂ ಬಂದರು,
ಕೈಯಲ್ಲಿ ರಿಪೇರಿಯ ಟೆಂಡರು.
"ಸೋರಿಕೆ ಎಷ್ಟು, ಅಳೆದು ಬರೀರಿ.
ಬರಗಾಲ. ಒಂದು ಹನಿ ಪೋಲಾಗಬಾರದು."
ಅವರೂ ಸುಳ್ಳು ಹೇಳಲಿಲ್ಲ.
ಬಕೆಟ್ಟು ಹಿಡಿದೆ, ಗಡಿಯಾರ ನೋಡಿದೆ.
ಅಂಕಿ ಬಂತು. ಸಣ್ಣ ಅಂಕಿ.
ಶಾಣಮ್ಮನ ಹೊಲ ಮುಟ್ಟುವ ಮೊದಲೇ
ಕಾಲುವೆಯ ಬಿರುಕು ಕುಡಿದುಬಿಡುವಷ್ಟು.

ಯಾವ ಮನೆಗೆ ಬರೆಯಲಿ?
ದೀಪ ಹಚ್ಚಿ ಕೂತೆ.
ಆವಿಯ ಪಕ್ಕ ಸ್ಕೇಲು ಇಟ್ಟು
ಪೆನ್ಸಿಲಿನಿಂದ ಒಂದು ಗೆರೆ ಎಳೆದೆ.
ಗೆರೆ ಸ್ವಲ್ಪ ಸೊಟ್ಟಗಾಯಿತು.
ತಲೆಗೆ ಬರೆದೆ: ಹೊಳೆಗೆ.
ಕೆಳಗೆ ಅಂಕಿ.
ಷರಾದಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ:
ಎರಡು ಮರಿ.

ಇವತ್ತು ರಿಜಿಸ್ಟರು ತಿರುಗಿ ಬಂತು.
ಗೆರೆ ಅಳಿಸಿಲ್ಲ. ಸಹಿಯೂ ಇಲ್ಲ.
ಷರಾದ ಮಗ್ಗುಲಿಗೆ ಕೆಂಪು ಶಾಯಿಯಲ್ಲಿ
ಮೇಡಂ ಅಕ್ಷರ:
ಒಂದು ಮರಿಗೆ ಎಷ್ಟು ಕ್ಯೂಸೆಕ್ಸ್?

ಗೇಲಿಯೇ ಎಂದು ಎರಡು ಸಲ ಓದಿದೆ.
ಹಾಗೆ ಕಾಣಲಿಲ್ಲ.
ಗಂಟೆ ಆರಾಗುತ್ತ ಬಂದಿತ್ತು.
ಬಕೆಟ್ಟು ತೊಗೊಂಡು
ಮತ್ತೆ ಇಳಿದೆ.